ಸೀಟು ಎರಡು ಬೆರಳು ಮೇಲಕ್ಕೆ

"ಬೆನ್ನು, ಮಂಡಿ ನೋಯದ ಸೈಕಲ್ ಯಾವುದು?" ಚನ್ನಗಿರಿಯಿಂದ ಜಗಳೂರಿನವರೆಗಿನ ಓದುಗರು ಈ ಅಂಕಣಕ್ಕೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಎರಡು ಬಗೆ. ಶುಗರ್ ಬಂದಿದೆ, ಬೈಕ್ ಬಿಟ್ಟು ದಿನಾ ಸ್ವಲ್ಪ ಸೈಕಲ್ ಹೊಡೀರಿ ಎಂದು ಡಾಕ್ಟರಿಂದ ಹೇಳಿಸಿಕೊಂಡು ಬಂದವರು ಒಂದು ಕಡೆ. ಬೆಂಗಳೂರಿನಲ್ಲಿರುವ ಮಗ ಸಾವಿರಾರು ರೂಪಾಯಿ ಸುರಿದು ಗೇರ್ ಸೈಕಲ್ ಕೊಂಡದ್ದನ್ನು ಕಂಡು, ನಮಗೂ ಒಂದಿರಲಿ ಅಂದುಕೊಂಡವರು ಇನ್ನೊಂದು ಕಡೆ. ಇಬ್ಬರಿಗೂ ಹೇಳಬೇಕಾದದ್ದು ಬಹುಪಾಲು ಒಂದೇ: ಅಂಗಡಿಗೆ ಹೋಗುವ ಮುಂಚೆ ಮನೆ ಹಿಂದಿನ ಕೊಟ್ಟಿಗೆಯನ್ನೊಮ್ಮೆ ನೋಡಿ ಬನ್ನಿ.

ಅಲ್ಲಿ ಮೇವಿನ ಪೆಂಡಿ, ಹಳೇ ಗೊಬ್ಬರದ ಚೀಲಗಳ ಮರೆಯಲ್ಲಿ ಒಂದು ಕರಿ ಸೈಕಲ್ ಗೋಡೆಗೆ ಒರಗಿರುವ ಸಾಧ್ಯತೆ ಬಹಳ. ಅಪ್ಪನದೋ ದೊಡ್ಡಪ್ಪನದೋ ಆಗಿರುತ್ತದೆ. ಮುಂದಿನ ಬಿಲ್ಲೆಯ ಮೇಲೆ ಅಟ್ಲಾಸ್, ಹೀರೋ ಅಥವಾ ಹರ್ಕ್ಯುಲಿಸ್ ಎಂಬ ಹೆಸರು ಇನ್ನೂ ಓದಲು ಬರುತ್ತದೆ. ಈ ಮೂರೂ ಸ್ವಾತಂತ್ರ್ಯ ಬಂದ ಹತ್ತು ವರ್ಷದೊಳಗೆ ನಮ್ಮ ನೆಲದಲ್ಲಿ ತಯಾರಾಗತೊಡಗಿದವು. ಹರ್ಕ್ಯುಲಿಸ್ ತಯಾರಿಸುವ, ಮದರಾಸಿನ ಅಂಬತ್ತೂರಿನ ಟಿಐ ಸೈಕಲ್ಸ್ 1949ರದು, ಸೋನೀಪತ್‌ನ ಅಟ್ಲಾಸ್ 1951ರದು, ಲೂಧಿಯಾನದ ಹೀರೋ 1956ರದು. ಹೀರೋ 1986ರಲ್ಲಿ ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕ ಎಂದು ಗಿನ್ನಿಸ್ ದಾಖಲೆಗೆ ಸೇರಿತು. ಅಟ್ಲಾಸ್‌ನ ಕತೆ ಬೇರೆ. ಅದರ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ!

ಕರಿ ಸೈಕಲ್ ಇಲ್ಲದ ಮನೆಯಲ್ಲಿ ಸರ್ಕಾರಿ ಸೈಕಲ್ ಇರುತ್ತದೆ. ರಾಜ್ಯ ಸರ್ಕಾರ 2006-07ರಲ್ಲಿ 8ನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿ, ಆಮೇಲೆ ಗಂಡುಮಕ್ಕಳಿಗೂ ವಿಸ್ತರಿಸಿತು. ಕೋವಿಡ್ ವರ್ಷಗಳಲ್ಲಿ ವಿತರಣೆ ನಿಂತುಹೋಯಿತು. ಆ ಮಕ್ಕಳೆಲ್ಲ ಈಗ ಬೈಕ್ ಮೇಲಿದ್ದಾರೆ, ಸೈಕಲ್ ಮಾತ್ರ ಕೊಟ್ಟಿಗೆಯಲ್ಲೇ ಉಳಿದಿದೆ. ಅದೂ ಉಕ್ಕಿನದೇ, ಅದಕ್ಕೂ ಜೀವ ಬರಿಸಬಹುದು.

ಆ ಕರಿ ಸೈಕಲ್ ಒಳ್ಳೆಯದು ಎಂದರೆ ಹಳೇ ಕಾಲದ ಮೋಹ ಅಂದುಕೊಳ್ಳುವವರೇ ಜಾಸ್ತಿ. ಬರೀ ಮೋಹವಲ್ಲ, ಕಾರಣವಿದೆ. ಅದರ ಮೂಲ ವಿನ್ಯಾಸ ಇಂಗ್ಲೆಂಡಿನದು. ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಸಮವಿರುವ ರೋವರ್ ಮಾಡಿದ, 1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಮಗನ ಮೂರುಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ಟೈರ್ ಹಾಕಿದ. ಆಮೇಲೆ ಬಂದ ಇಂಗ್ಲಿಷ್ ರೋಡ್‌ಸ್ಟರ್ ಅಂಚೆಯವರು, ಪೊಲೀಸರು, ಪಾದ್ರಿಗಳು ಕಲ್ಲುಮಣ್ಣಿನ ದಾರಿಯಲ್ಲಿ ದಿನವಿಡೀ ತುಳಿಯಲೆಂದು ಮಾಡಿದ ಗಾಡಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಮಲೆನಾಡಿಗೆ ಸೈಕಲ್ ತರುವವನೂ ಒಬ್ಬ ಪಾದ್ರಿಯೇ. ಇವತ್ತಿನ ಹೊನ್ನಾಳಿ, ನ್ಯಾಮತಿಯ ಹಳ್ಳಿ ದಾರಿಗಳು ಆ ಕಾಲದ ಇಂಗ್ಲೆಂಡಿನ ಹಳ್ಳಿ ದಾರಿಗಳಿಗಿಂತ ತೀರಾ ಬೇರೆ ಏನಲ್ಲ.

ಕರಿ ಸೈಕಲ್ಲಿನ ಮುಂದಿನ ಫೋರ್ಕ್ ನೋಡಿ. ಅದು ನೆಟ್ಟಗೆ ನಿಂತಿಲ್ಲ, ಮುಂದಕ್ಕೆ ಚಾಚಿಕೊಂಡಿದೆ. ಎರಡು ಚಕ್ರಗಳ ನಡುವಿನ ಅಂತರ ಉದ್ದ. ಹೀಗಾಗಿ ಗುಂಡಿಗೆ ಬಿದ್ದಾಗ ಹೊಡೆತ ನೇರ ಮುಂಗೈಗೆ ಬರುವುದಿಲ್ಲ, ಫೋರ್ಕ್ ಒಂದಿಷ್ಟು ಬಾಗಿ ನುಂಗಿಕೊಳ್ಳುತ್ತದೆ. ಚಕ್ರ 28 ಇಂಚು, ಟೈರ್ ಒಂದೂವರೆ ಇಂಚು ದಪ್ಪ. ಸೀಟಿನ ಕೆಳಗೆ ಸುರುಳಿ ಸ್ಪ್ರಿಂಗು. ಹ್ಯಾಂಡಲ್ ಹಿಂದಕ್ಕೆ ಬಾಗಿ ತಾನಾಗಿ ಕೈಗೆ ಬರುತ್ತದೆ, ಬೆನ್ನು ನೆಟ್ಟಗಿರುತ್ತದೆ. ತೂಕ ಸುಮಾರು 20 ಕೆ.ಜಿ. ಹೊತ್ತುಕೊಂಡು ಮೆಟ್ಟಿಲು ಹತ್ತಬೇಕಾದವರಿಗೆ ಅದು ಹೊರೆಯೇ ಸರಿ. ಹಾಲಿನ ಕ್ಯಾನು, ಮೇವಿನ ಹೊರೆ ಹೇರಿ ಊರೊಳಗೆ ಓಡಾಡುವವರಿಗೆ ಆ ತೂಕ ಲೆಕ್ಕಕ್ಕೇ ಬರುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಉಕ್ಕಿನ ಸೈಕಲ್ ಮೆತ್ತಗೆ, ಅಲ್ಯೂಮಿನಿಯಂ ಸೈಕಲ್ ಒರಟು ಎಂದು ಸೈಕಲ್ ಹುಚ್ಚರು ಹೇಳುವುದುಂಟು. ಅಲ್ಯೂಮಿನಿಯಂ ತೂಕದಲ್ಲಿ ಉಕ್ಕಿನ ಮೂರನೇ ಒಂದು ಭಾಗ, ಬಿಗಿತದಲ್ಲೂ ಸರಿಸುಮಾರು ಮೂರನೇ ಒಂದು ಭಾಗ. ಅದಕ್ಕೇ ಅದರ ಕೊಳವೆಗಳನ್ನು ದಪ್ಪ ಮಾಡುತ್ತಾರೆ, ದಪ್ಪವಾದಂತೆ ಫ್ರೇಮು ಬಿಗಿಯಾಗುತ್ತದೆ. ಆದರೆ ಸವಾರನ ಬೆನ್ನಿಗೆ ತಿಳಿಯುವ ಮೆದುವಿನಲ್ಲಿ ದೊಡ್ಡ ಪಾಲು ಟೈರಿನದು, ಆಮೇಲೆ ಸೀಟಿನದು, ಕೂರುವ ಭಂಗಿಯದು. ಫ್ರೇಮಿನ ಲೋಹದ ಪಾಲು ಕೊನೆಯದು.

ಹಾಗಾದರೆ ಉಕ್ಕೇ ಯಾಕೆ? ರಿಪೇರಿಗೆ. ಉಕ್ಕಿನ ಫ್ರೇಮು ಒಮ್ಮೆಲೇ ಮುರಿಯುವುದು ಕಡಿಮೆ, ಮುಂಚೆ ಸಣ್ಣ ಬಿರುಕು ಬಿಟ್ಟು ಕಿರ್ ಕಿರ್ ಎಂದು ಎಚ್ಚರಿಸುತ್ತದೆ. ಬಿರುಕು ಬಿಟ್ಟರೆ ಟ್ರ್ಯಾಕ್ಟರ್ ಟ್ರೇಲರ್ ವೆಲ್ಡಿಂಗ್ ಮಾಡುವವನೇ ಅದನ್ನೂ ಬೆಸೆದು ಕೊಡುತ್ತಾನೆ. ಅಲ್ಯೂಮಿನಿಯಂ ಬೆಸೆಯಲು ಬೇರೆಯೇ ಯಂತ್ರ ಬೇಕು, ಬೆಸೆದ ಮೇಲೆ ಮತ್ತೆ ಹದ ಹಾಕಬೇಕು. ಜಗಳೂರಿನಂಥ ಊರಿನಲ್ಲಿ ಅದಕ್ಕೆ ಎಲ್ಲಿಗೆ ಹೋಗುತ್ತೀರಿ?

ಉಕ್ಕನ್ನು ನೆಚ್ಚಿದವರು ನಾವಷ್ಟೇ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಗ್ರಾಂಟ್ ಪೀಟರ್ಸನ್ ಎಂಬಾತ 1994ರಲ್ಲಿ ರಿವೆಂಡೆಲ್ ಎಂಬ ಸಣ್ಣ ಕಂಪನಿ ತೆರೆದ. ಜಗತ್ತೆಲ್ಲ ಕಾರ್ಬನ್, ಅಲ್ಯೂಮಿನಿಯಂ ಎಂದು ಓಡುತ್ತಿದ್ದಾಗ ಈತ ಉಕ್ಕಿನ ಫ್ರೇಮು, ಎತ್ತರದ ಹ್ಯಾಂಡಲ್, ದಪ್ಪ ಟೈರ್, ಮಾಮೂಲಿ ಚಪ್ಪಲಿಯಲ್ಲೇ ತುಳಿಯುವ ಪೆಡಲ್ ಎಂದು ಹಟ ಹಿಡಿದ. ರೇಸಿನವರನ್ನು ನೋಡಿ ಸೈಕಲ್ ಕೊಳ್ಳಬೇಡಿ ಎಂಬುದು 2012ರಲ್ಲಿ ಬಂದ ಅವನ ಪುಸ್ತಕದ ತಿರುಳು. ಆ ಸೈಕಲ್ಲುಗಳಿಗೆ ಅಲ್ಲಿಯ ಜನ ನಮ್ಮ ಲೆಕ್ಕದಲ್ಲಿ ಲಕ್ಷ ದಾಟಿ ಕೊಡುತ್ತಾರೆ. ಅವರು ಹುಡುಕಿಕೊಂಡು ಹೋಗುವ ಗುಣಗಳಲ್ಲಿ ಮುಕ್ಕಾಲು ಪಾಲು ನಮ್ಮ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿವೆ.

ಇನ್ನು ನೋವಿನ ವಿಷಯ. ನಮ್ಮ ಕಡೆ ಸೈಕಲ್ ಹೊಡೆಯುವವರ ಮಂಡಿ ನೋವಿಗೆ ದೊಡ್ಡ ಕಾರಣ ತಗ್ಗಿನ ಸೀಟು. ಸಂತೆಯ ದಿನ ಯಾವ ಊರಿನ ಸೈಕಲ್ ಶಾಪ್ ಮುಂದೆ ನಿಂತರೂ ಇದು ಕಣ್ಣಿಗೆ ಬೀಳುತ್ತದೆ. ಎತ್ತರದ ಆಳು, ಆದರೆ ಸೀಟು ಫ್ರೇಮಿಗೆ ಅಂಟಿಕೊಂಡಿದೆ. ತುಳಿಯುವಾಗ ಮಂಡಿ ಎದೆಗೆ ಬರುತ್ತದೆ, ಎರಡೂ ಕಾಲು ಹೊರಕ್ಕೆ ಚಾಚಿಕೊಂಡಿವೆ. ಮೆಕ್ಯಾನಿಕ್ ಸೀಟು ಎತ್ತಲು ಹೋದರೆ ಗಿರಾಕಿ ಒಪ್ಪುವುದಿಲ್ಲ. "ಕಾಲು ನೆಲಕ್ಕೆ ಎಟುಕ್ಬೇಕಲ್ಲಪ್ಪ" ಎನ್ನುತ್ತಾರೆ. "ನಿಲ್ಸುವಾಗ ಮುಂದಕ್ಕೆ ಇಳೀರಿ ಯಜಮಾನ್ರೇ, ಕೂತ್ಕಂಡೇ ಯಾಕೆ ಕಾಲು ಊರ್ತೀರಿ" ಎಂಬುದು ಬಲ್ಲ ಮೆಕ್ಯಾನಿಕ್ಕನ ಉತ್ತರ. ಅವನು ಹೇಳುವುದೇ ಸರಿ.

ಅಳತೆ ಕಷ್ಟದ್ದಲ್ಲ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಒಂದು ಪೆಡಲ್ಲನ್ನು ಪೂರ್ತಿ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು, ಆದರೆ ಸೊಂಟ ಆ ಕಡೆ ವಾಲಬಾರದು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ತಾನಾಗಿ ಒಂದಿಷ್ಟು ಬಾಗುತ್ತದೆ. ಬೇಕಾದದ್ದು ಅಷ್ಟೇ ಬಾಗು. ಹೆಚ್ಚಿನವರ ಸೀಟು ಇದಕ್ಕಿಂತ ಎರಡು ಬೆರಳಾದರೂ ಕೆಳಗಿರುತ್ತದೆ. ಒಂದೇ ದಿನ ಪೂರ್ತಿ ಎತ್ತುವ ಬದಲು ವಾರಕ್ಕೆ ಒಂದು ಬೆರಳಿನಂತೆ ಏರಿಸಿದರೆ ಹೆದರಿಕೆ ಇಲ್ಲ. ಮಕ್ಕಳ ಸರ್ಕಾರಿ ಸೈಕಲ್ಲಿನಲ್ಲಿ ದೊಡ್ಡವರು ಸೀಟು ಎತ್ತುವಾಗ ಒಂದು ಎಚ್ಚರ: ಸೀಟಿನ ಪೈಪು ಎರಡೂವರೆ ಇಂಚಾದರೂ ಫ್ರೇಮಿನೊಳಗೆ ಉಳಿಯಲೇಬೇಕು. ಸಾಲದಿದ್ದರೆ ಉದ್ದ ಪೈಪು ಕೇಳಿ ಹಾಕಿಸಿ.

ಸೀಟಿನ ಮೂತಿ ಕೆಳಕ್ಕೆ ಬಾಗಿದ್ದರೆ ಮೈಭಾರವೆಲ್ಲ ಮುಂಗೈ ಮೇಲೆ ಬೀಳುತ್ತದೆ, ಮೇಲಕ್ಕೆ ಎದ್ದಿದ್ದರೆ ಎಲ್ಲಿ ನೋಯುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಮಟ್ಟವಾಗಿರಲಿ. ಮೆತ್ತಗಿರಲಿ ಎಂದು ಮೇಲೆ ಜೆಲ್ ಕವರ್ ಹಾಕಿಸುವವರು ಈಚೆಗೆ ಹೆಚ್ಚಾಗಿದ್ದಾರೆ. ನೆಟ್ಟಗೆ ಕೂರುವವನ ಭಾರ ಹಿಂಭಾಗದ ಎರಡು ಮೂಳೆಗಳ ಮೇಲೆ ನಿಲ್ಲುತ್ತದೆ. ಮೆತ್ತೆ ಅತಿಯಾದರೆ ಆ ಮೂಳೆಗಳು ಒಳಕ್ಕೆ ಇಳಿದು, ನಡುವಿನ ನರಗಳು ಒತ್ತಿಕೊಂಡು ಜೋಮು ಹಿಡಿಯುತ್ತದೆ. ಹಳೇ ಅಗಲವಾದ ಚರ್ಮದ ಸೀಟು ಸಿಕ್ಕರೆ ಬಿಡಬೇಡಿ. ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ತೆಗೆಯಬೇಡಿ ಅಷ್ಟೇ, ಚರ್ಮ ಜೋಲು ಬೀಳುತ್ತದೆ.

ಹ್ಯಾಂಡಲ್ ಸೀಟಿನಷ್ಟೇ ಎತ್ತರ, ಇಲ್ಲವೇ ತುಸು ಮೇಲೆ ಇರಬೇಕು. ಅದನ್ನು ಎತ್ತಲು ಮೇಲಿನ ಬೋಲ್ಟು ನಾಲ್ಕು ಸುತ್ತು ಸಡಿಲಿಸಿ, ಅದರ ತಲೆ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಬೇಕು. ಒಳಗಿನ ಬೆಣೆ ಬಿಟ್ಟುಕೊಳ್ಳುತ್ತದೆ, ಆಗ ಹ್ಯಾಂಡಲ್ ಮೇಲೆ ಬರುತ್ತದೆ. ವರ್ಷಗಟ್ಟಲೆ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಸೀಮೆಎಣ್ಣೆಯೋ ಡೀಸೆಲ್ಲೋ ಬಿಟ್ಟಿರಬೇಕು. ರಾಡ್ ಬ್ರೇಕ್ ಇರುವ ಸೈಕಲ್ಲಿನಲ್ಲಿ ಹ್ಯಾಂಡಲ್ ಎತ್ತಿದರೆ ಬ್ರೇಕಿನ ಕಡ್ಡಿಯೂ ಎಳೆದುಕೊಳ್ಳುತ್ತದೆ. ಅದನ್ನು ಮತ್ತೆ ಅಳತೆಗೆ ಕೂರಿಸದೆ ಮನೆಗೆ ಹೊರಡಬಾರದು.

ಇಷ್ಟು ಸರಿಹೋದ ಮೇಲೆ ಉಳಿಯುವುದು ಟೈರ್. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕಿನ ನೆಲ ನಾಲ್ಕು ಥರ ಇರುವುದರಿಂದ ಇಲ್ಲಿ ಎಲ್ಲರಿಗೂ ಒಂದೇ ಸಲಹೆ ಕೊಡಲು ಬರುವುದಿಲ್ಲ. ಕಂಪ್ರೆಸರ್ ಇರುವ ಅಂಗಡಿಯಲ್ಲಿ ಹುಡುಗರು ಟೈರನ್ನು ಕಲ್ಲಿನಂತೆ ಮಾಡಿ ಕಳಿಸುತ್ತಾರೆ. ಗಟ್ಟಿಯಿದ್ದಷ್ಟೂ ಹಗುರಾಗಿ ಓಡುತ್ತದೆ ಎಂಬ ನಂಬಿಕೆ. ಒರಟು ರಸ್ತೆಯಲ್ಲಿ ಇದು ಸುಳ್ಳು. ಜಲ್ಲಿಯ ಮೇಲೆ ಗಟ್ಟಿ ಟೈರು ಕುಪ್ಪಳಿಸುತ್ತದೆ, ಕುಪ್ಪಳಿಸಿದಾಗಲೆಲ್ಲ ಸವಾರನ ಶಕ್ತಿ ಮೈ ಅಲುಗಾಟದಲ್ಲಿ ವ್ಯರ್ಥವಾಗುತ್ತದೆ. ಅಮೆರಿಕದ ಫ್ರಾಂಕ್ ಬರ್ಟೊ ಎಂಬ ಎಂಜಿನಿಯರ್ ಕೊಟ್ಟ ಅಂದಾಜು ಇವತ್ತಿಗೂ ಬಳಕೆಯಲ್ಲಿದೆ: ಸವಾರ ಕೂತಾಗ ಟೈರಿನ ಎತ್ತರ ನೂರಕ್ಕೆ 15ರಷ್ಟು ತಗ್ಗಬೇಕು. ನೆಟ್ಟಗೆ ಕೂರುವ ಸೈಕಲ್ಲಿನಲ್ಲಿ ಭಾರವೆಲ್ಲ ಹಿಂದೆ, ಹಾಗಾಗಿ ಹಿಂದಿನ ಟೈರಿಗೆ ಗಾಳಿ ಹೆಚ್ಚು, ಮುಂದಿನದಕ್ಕೆ ಕಡಿಮೆ. ನಮ್ಮ ಹಳೇ ವಾಲ್ವಿನಲ್ಲಿ ಗೇಜು ಸರಿಯಾಗಿ ತೋರಿಸುವುದಿಲ್ಲ, ಹೆಬ್ಬೆರಳಲ್ಲಿ ಒತ್ತಿ ನೋಡಿಯೇ ಕಲಿಯಬೇಕು. ಎರಡು ದಿನಕ್ಕೊಮ್ಮೆ ಗಾಳಿ ಇಳಿಯುತ್ತಿದ್ದರೆ ಪಂಕ್ಚರ್ ಹುಡುಕುವ ಮುಂಚೆ ವಾಲ್ವಿನ ಪುಟ್ಟ ರಬ್ಬರ್ ಟ್ಯೂಬ್ ಬದಲಿಸಿ. ನಮ್ಮ ಬಿಸಿಲಿಗೆ ಅದು ಬೇಗ ಸೀಳುತ್ತದೆ.

ಜಗಳೂರು ಕಡೆ ಮಾತ್ರ ಮೆತ್ತಗಿನ ಟೈರಿನ ಪಾಠಕ್ಕಿಂತ ಮುಳ್ಳಿನ ಪಾಠ ದೊಡ್ಡದು. ಬಳ್ಳಾರಿ ಜಾಲಿ, ನೆಗ್ಗಿಲು ಎರಡೂ ಅಲ್ಲಿ ಧಾರಾಳ. ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ, ಟೈರಿಗೂ ಹೊಸ ಟ್ಯೂಬಿಗೂ ನಡುವೆ ಅಸ್ತರಿ ಹಾಸುವುದು ಅಲ್ಲಿಗೆ ಹೊಂದುವ ಉಪಾಯ. ಸವಾರಿ ತುಸು ಭಾರವಾಗುತ್ತದೆ, ಆದರೆ ಬಿಸಿಲಲ್ಲಿ ತಳ್ಳಿಕೊಂಡು ಬರುವುದಕ್ಕಿಂತ ಅದೇ ಮೇಲು. ಪಂಕ್ಚರ್ ಹಾಕಿಸುವಾಗ ಟೈರಿನ ಒಳಮೈಯನ್ನು ಬಟ್ಟೆಯಿಂದ ಒರೆಸಿ ನೋಡಲು ಹೇಳಿ. ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಹೊಸ ಪ್ಯಾಚಿನ ಪಕ್ಕದಲ್ಲೇ ಮತ್ತೊಂದು ತೂತು ಖಾತ್ರಿ. ಜಗಳೂರಿನ ಇನ್ನೊಂದು ಕಾಟ ಆಷಾಢದ ಗಾಳಿ. ನೆಟ್ಟಗೆ ಕೂರುವ ಸೈಕಲ್ಲಿಗೆ ಎದುರುಗಾಳಿಯೇ ಶತ್ರು. ಇದರ ನಿಜವಾದ ದೌರ್ಬಲ್ಯಗಳಲ್ಲಿ ಇದೊಂದು ಎನ್ನಬೇಕು. ಹೋಗುವಾಗ ಗಾಳಿಗೆ ಎದುರಾಗಿ, ಬರುವಾಗ ಬೆನ್ನಿಗೆ ಗಾಳಿ ಇರುವ ದಾರಿ ಹಿಡಿಯಿರಿ.

ನ್ಯಾಮತಿಯಿಂದ ಸವಳಂಗದ ಕಡೆಗೆ, ಚನ್ನಗಿರಿಯ ಗುಡ್ಡದ ಬದಿಯ ಊರುಗಳಿಗೆ ಹೋಗುವವರ ದೂರು ಏರಿನದು. ಗೇರ್ ಸೈಕಲ್ಲೇ ಬೇಕು ಎಂದು ಅವರು ತೀರ್ಮಾನಿಸಿಬಿಟ್ಟಿರುತ್ತಾರೆ. ಅದಕ್ಕೂ ಮೊದಲು ಹಲ್ಲು ಎಣಿಸಿ ನೋಡಿ. ಪೆಡಲ್ ಬಳಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲು ಇದ್ದರೆ ಒಂದು ಸುತ್ತು ತುಳಿದಾಗ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಫ್ರೀವೀಲ್ 22 ಹಲ್ಲಿನದಾದರೆ ಅದು ನಾಲ್ಕೂವರೆ ಮೀಟರಿಗೆ ಇಳಿಯುತ್ತದೆ. ಅಷ್ಟರಮಟ್ಟಿಗೆ ಏರು ಹಗುರ. ಇಳಿಜಾರಿನಲ್ಲಿ ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಇಳಿಜಾರಿನಲ್ಲಿ ತುಳಿಯುವವರು ಯಾರು? ಫ್ರೀವೀಲ್ ಬೆಲೆ ದೊಡ್ಡದಲ್ಲ, ಚೈನಿಗೆ ಒಂದೆರಡು ಲಿಂಕ್ ಸೇರಿಸಬೇಕಾಗಬಹುದು. ತಾಲ್ಲೂಕು ಕೇಂದ್ರದಲ್ಲಿ ಸಿಗದಿದ್ದರೆ ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಕೇಳಿ.

ಬ್ರೇಕಿನ ಬಗ್ಗೆ ಮುಲಾಜಿಲ್ಲದೆ ಹೇಳಬೇಕು. ರಾಡ್ ಬ್ರೇಕ್ ಒಣ ದಿನಗಳಲ್ಲಿ ಪರವಾಗಿಲ್ಲ. ಮಳೆ ಬಿದ್ದು ಹೊಳಪಿನ ಉಕ್ಕಿನ ರಿಮ್ ಒದ್ದೆಯಾಯಿತೆಂದರೆ ಅದು ಅರೆಬರೆ ಹಿಡಿಯುತ್ತದೆ. ಹೊನ್ನಾಳಿಯ ಪೇಟೆ ಬೀದಿಯಲ್ಲಿ ಬಸ್ಸಿನ ಹಿಂದೆ ಹೋಗುವವರು ಮಳೆಗಾಲದಲ್ಲಿ ಎರಡು ಪಟ್ಟು ಅಂತರ ಬಿಡಬೇಕು, ಮುಂಚೆಯೇ ಮೆಲ್ಲಗೆ ಹಿಡಿದು ರಿಮ್ಮಿನ ನೀರು ಒರೆಸಿಕೊಳ್ಳಬೇಕು. ರಿಮ್ಮಿಗೆ ಎಣ್ಣೆ ತಾಗಿದ್ದರೆ ಬೂದಿ ಹಾಕಿ ತಿಕ್ಕಿದರೂ ಸಾಕು.

ಇನ್ನು ಹಳೇ ಸೈಕಲ್ಲಿಗೆ ಬೇಕಾದದ್ದು ಒಂದು ಪೂರ್ತಿ ಓವರಾಯಿಲಿಂಗ್. ಒಳ್ಳೆಯ ಮೆಕ್ಯಾನಿಕ್ ಎರಡೂ ಚಕ್ರ, ಹ್ಯಾಂಡಲ್, ಪೆಡಲ್ ಅಚ್ಚು ಎಲ್ಲ ಬಿಚ್ಚಿ, ಬಾಲ್ಸ್‌ಗಳನ್ನು ಸೀಮೆಎಣ್ಣೆ ಬಟ್ಟಲಿಗೆ ಸುರಿಯುತ್ತಾನೆ. ತೊಳೆದು ತೆಗೆದ ಗುಂಡನ್ನು ಬೆರಳ ತುದಿಯಲ್ಲಿ ಹೊರಳಿಸಿ ಬೆಳಕಿಗೆ ಹಿಡಿಯುತ್ತಾನೆ. ಒಂದೇ ಒಂದು ಗುಂಡಿನ ಮೈ ಚುಕ್ಕೆ ಚುಕ್ಕೆಯಾಗಿದ್ದರೂ ಆ ಕಡೆಯ ಅಷ್ಟನ್ನೂ ಬದಲಿಸುತ್ತಾನೆ. ಹಿಂದಿನ ಚಕ್ರದಲ್ಲಿ ಸಾಮಾನ್ಯವಾಗಿ ಒಂದೊಂದು ಬದಿಗೆ ಕಾಲಿಂಚಿನ 9 ಗುಂಡು. ಹೊಸ ಗ್ರೀಸ್ ಮೆತ್ತಿ, ಅದರಲ್ಲಿ ಗುಂಡುಗಳನ್ನು ಒಂದೊಂದಾಗಿ ಕೂರಿಸಿ, ಕೋನ್ ಬಿಗಿದು ಚಕ್ರ ತಿರುಗಿಸಿ ಬಿಡುತ್ತಾನೆ. ವಾಲ್ವಿನ ತೂಕಕ್ಕೇ ಚಕ್ರ ಹಿಂದೆ ಮುಂದೆ ತೂಗಿ ತಾನಾಗಿ ನಿಂತರೆ ಕೆಲಸ ಸರಿಯಾಗಿದೆ ಎಂದು ಲೆಕ್ಕ. ಇದನ್ನು ಮಳೆಗಾಲ ಮುಗಿದ ಮೇಲೆ ಮಾಡಿಸುವುದು ಜಾಣತನ. ಗದ್ದೆ ಬಯಲಿನ ಎರೆ ಮಣ್ಣು ಮಡ್‌ಗಾರ್ಡಿನೊಳಗೆ ಕೂತು ಗಟ್ಟಿಯಾದರೆ ಅದನ್ನೂ ಅದೇ ಹೊತ್ತಿಗೆ ಕೆರೆಸಬಹುದು.

ಕೊಟ್ಟಿಗೆಯಲ್ಲಿ ಏನೂ ಇಲ್ಲದವರು ಹೊಸದನ್ನೇ ಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಬಿಲ್ ಕೇಳಿ ನೋಡಿಕೊಳ್ಳಿ. ಅಂಗಡಿಯವರು ಮೊದಲು ತೋರಿಸುವುದು ದಪ್ಪ ಫೋರ್ಕಿನ, ಸಸ್ಪೆನ್ಷನ್ ಇರುವ ಬಣ್ಣದ ಸೈಕಲ್. ಅಗ್ಗದ ಸಸ್ಪೆನ್ಷನ್ ತೂಕ ಹೆಚ್ಚಿಸುತ್ತದೆ, ತುಳಿದಾಗ ಕುಣಿಯುತ್ತದೆ, ಬುಷ್ ಸವೆದ ಮೇಲೆ ಲೊಡಲೊಡ ಎನ್ನುತ್ತದೆ. ಆ ದುಡ್ಡಿಗೆ ಗಟ್ಟಿ ಫೋರ್ಕಿನ ಸಾದಾ ಸೈಕಲ್ ಸಿಗುತ್ತದೆ. ಫ್ರೇಮಿನ ಮೇಲೆ ಕಾಲು ಹಾಕಿ ಎರಡೂ ಪಾದ ನೆಲಕ್ಕೆ ಊರಿ ನಿಂತಾಗ, ಬಾರಿಗೂ ನಿಮಗೂ ನಡುವೆ ಒಂದೆರಡು ಇಂಚು ಬಿಡುವು ಇರಬೇಕು. 22 ಇಂಚಿನ ಫ್ರೇಮು ಹೆಚ್ಚಿನವರಿಗೆ ಆಗುತ್ತದೆ, ಆರಡಿ ಆಳಿಗೆ 24.

ಗಂಡಸರು ಕೇಳಲು ನಾಚಿಕೊಳ್ಳುವ ಇನ್ನೊಂದು ಆಯ್ಕೆ ಇದೆ, ಲೇಡೀಸ್ ಸೈಕಲ್. ಪಂಚೆ ಉಡುವವರಿಗೆ, ಸೊಂಟ ಹಿಡಿದವರಿಗೆ, ಕ್ಯಾರಿಯರ್ ಮೇಲೆ ಮೂಟೆ ಇಟ್ಟುಕೊಂಡು ಕಾಲು ಹಿಂದಿನಿಂದ ಎತ್ತಿ ಹಾಕಲಾಗದವರಿಗೆ ಅದಕ್ಕಿಂತ ಅನುಕೂಲದ ಗಾಡಿ ಇಲ್ಲ. ಬಾರಿನೊಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಸೈಕಲ್ ಕಲಿತ ತಲೆಮಾರಿಗೆ ಅರವತ್ತರಲ್ಲಿ ಬಾರೇ ಇಲ್ಲದ ಸೈಕಲ್ ಹತ್ತಲು ಯಾಕೆ ಸಂಕೋಚವೋ ತಿಳಿಯದು.

ಸೈಕಲ್ ತಯಾರಾದ ಮೇಲೆ ಬರೀ ಹಾಲಿನ ಡೇರಿಗೆ, ಕಿರಾಣಿ ಅಂಗಡಿಗೆ ಹೋಗಿ ಬಂದರೆ ಸಾಲದು. ಚಳಿಗಾಲದ ಬೆಳಗ್ಗೆ ಸೂಳೆಕೆರೆಯ ಏರಿ ಮೇಲೆ ಹೋಗಿ ನೋಡಿ. ಸಂತೆಬೆನ್ನೂರಿನ ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಬಹುದು. ಭದ್ರಾ ಚಾನಲ್ಲಿನ ಏರಿ ದಾರಿ ಅಡಿಕೆ ತೋಟಗಳ ನಡುವೆ ಮಟ್ಟಸವಾಗಿ ಸಾಗುತ್ತದೆ, ನೆರಳೂ ಇದೆ, ಲಾರಿ ಕಾಟ ಇಲ್ಲ. ಜಗಳೂರಿನವರು ಕೊಂಡುಕುರಿಗಳ ನೆಲೆಯಾದ ರಂಗಯ್ಯನದುರ್ಗದ ಕಡೆಗೆ ಹೊರಟರೆ ಎರಡು ಬಾಟಲಿ ನೀರು ಇಟ್ಟುಕೊಳ್ಳಲಿ. ಹೆದ್ದಾರಿಯಲ್ಲಿ ಕತ್ತಲಾಗುವ ಸಂಭವ ಇದ್ದರೆ ಡೈನಮೋ ನಂಬಿ ಕೂರಬೇಡಿ. ಸೈಕಲ್ ನಿಂತ ಕೂಡಲೇ ಅದರ ದೀಪವೂ ಆರುತ್ತದೆ, ಕಬ್ಬಿನ ಟ್ರ್ಯಾಕ್ಟರಿನವನಿಗೆ ನೀವು ಕಾಣುವುದೇ ಇಲ್ಲ. ಚಾರ್ಜ್ ಮಾಡುವ ಕೆಂಪು ದೀಪವೊಂದನ್ನು ಕ್ಯಾರಿಯರ್ ಹಿಂದೆ ಕಟ್ಟಿ.

ಈಚೆಗೆ ಬರುತ್ತಿರುವ ಪ್ರಶ್ನೆ ಬ್ಯಾಟರಿ ಕಿಟ್‌ನದು. ಮೋಟಾರು 250 ವಾಟ್‌ಗಿಂತ ಕಡಿಮೆ ಇದ್ದು ವೇಗ ಗಂಟೆಗೆ 25 ಕಿ.ಮೀ. ಮೀರದಿದ್ದರೆ ಅಂಥ ಗಾಡಿಗೆ ನೋಂದಣಿ, ಲೈಸೆನ್ಸ್ ಬೇಡ. ಏರಿನ ಊರಿನವರಿಗೆ, ವಯಸ್ಸಾದವರಿಗೆ ಒಳ್ಳೆಯದೇ. ಆದರೆ ರಾಡ್ ಬ್ರೇಕಿನ ಕರಿ ಸೈಕಲ್ಲಿಗೆ ಅದನ್ನು ಹಾಗೇ ಹಾಕಿಸಬೇಡಿ. ಮೊದಲು ಎರಡೂ ಚಕ್ರಕ್ಕೆ ಅಲ್ಯೂಮಿನಿಯಂ ರಿಮ್, ವೈರ್ ಎಳೆಯುವ ಬ್ರೇಕ್ ಹಾಕಿಸಿ, ಒಂದು ಮಳೆಗಾಲ ಓಡಿಸಿ ನೋಡಿ. ಮೋಟಾರಿನ ಮಾತು ಆಮೇಲೆ.